ಮುಂಗಡ ಸತ್ಕಾರ

ಏಕಸಂಬಿಯಿಂದ ದೂಧಗಂಗೆಯ ಕಡೆ ಇಳಿಯುವ ದಾರಿಯ ಮಗ್ಗುಲಿಗೆ ಕಾಂಚನಾಳ ಇಟ್ಟಂಗಿ ಭಟ್ಟಿ. ದೊಡ್ಡ ಚಿಮಣಿಯ ಕಾರಖಾನೆಯೇನಲ್ಲ. ಹಸಿ ಇಟ್ಟಂಗಿಗಳನ್ನು ಮನೆಯೆತ್ತರಕ್ಕೆ ಒಟ್ಟಿ, ಮೈಗೆಲ್ಲ ಮಣ್ಣು ಮೆತ್ತಿ, ಕೆಳಗೆ ಬಿಟ್ಟ ಬಾಯಿಗಳಿಂದ ಕಟ್ಟಿಗೆ, ಇದ್ದಲು ಉಣಿಸಿ ಸುಡುವ ಹಳೇ ನಮೂನೆಯ ಭಟ್ಟಿ. ಈ ಸಲ ಒಟ್ಟಿದ್ದು ಒಟ್ಟಿದ ಹಾಗೆಯೇ ನಿಂತಿತ್ತು. ಒಂದು ಬಾಯಿಯೊಳಗೆ ನಾಯಿ ಮರಿ ಹಾಕಿತ್ತು.

ಬೆಂಕಿ ಕೊಡುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಹೋದ ವರ್ಷ ಸುಟ್ಟ ಇಟ್ಟಂಗಿಯೇ ಪಕ್ಕದಲ್ಲಿ ಸಾಲುಗಟ್ಟಿ ನಿಂತು ಪಾಚಿ ಹಿಡಿದಿತ್ತು. ಸರ್ಕಾರಿ ಯೋಜನೆಯ ಮನೆಗಳಿಗೆ ಬರಬೇಕಾದ ಅನುದಾನದ ಕಂತು ನಿಂತುಹೋಗಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕುಗಳಲ್ಲಿ ಲಿಂಟಲ್ ಮಟ್ಟಕ್ಕೆ ಬಂದ ಗೋಡೆಗಳು ಸೂರಿಲ್ಲದೆ ಆಕಾಶ ನೋಡುತ್ತಿದ್ದವು. ಜನ ಆ ಗೋಡೆಗಳ ಬುಡದಲ್ಲೇ ತಾಡಪತ್ರಿ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದರು. ಸ್ವಂತ ದುಡ್ಡಿನಲ್ಲಿ ಕಟ್ಟುತ್ತೇನೆ ಎಂದವರಿಗೆ ಜಾಗದ ಇ-ಸ್ವತ್ತು ಸಿಗುತ್ತಿರಲಿಲ್ಲ, ಅದಿಲ್ಲದೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಅಥಣಿಯ ಕಡೆ ಖಡಿ ಒಡೆಯುವ ಯಂತ್ರಗಳು ಸುಮ್ಮನಾಗಿದ್ದವು. ನಿಪ್ಪಾಣಿಯ ಫರಸಿಕಲ್ಲಿನ ಅಂಗಡಿಯವನು ಅಂಗಡಿಯ ಅರ್ಧ ಭಾಗದಲ್ಲಿ ಮೊಬೈಲ್ ರಿಪೇರಿಗೆ ಜಾಗ ಕೊಟ್ಟಿದ್ದ.

ಕಾಂಚನಾಳ ಅವ್ವ ಬೇರೆಯವರ ಭಟ್ಟಿಯಲ್ಲಿ ತಲೆಯ ಮೇಲೆ ಇಟ್ಟಂಗಿ ಹೊತ್ತು ಹೊತ್ತು ನೆತ್ತಿಯ ಕೂದಲು ಕಳೆದುಕೊಂಡವಳು. ಅವರ ಕೇರಿಯಲ್ಲಿ ಇಟ್ಟಂಗಿ ಹೊತ್ತವರಿದ್ದರು, ಭಟ್ಟಿ ಹಾಕಿದವರಿರಲಿಲ್ಲ. ಕಾಂಚನಾ ಹಾಕಿದಳು. ಅಚ್ಚಿನ ತಳಕ್ಕೆ 'ಭೀಮ' ಎಂದು ಎರಡಕ್ಷರ ಕೆತ್ತಿಸಿದಳು. ಬಂಗಲೆ ಕಟ್ಟುವ ಕೆಲವರು ಆ ಅಕ್ಷರ ನೋಡಿ ಮೂಗು ಮುರಿದರು. ಆಮೇಲೆ ದರ ಕೇಳಿ, "ಗೋಡಿ ಒಳಗ ಹೋದ ಮ್ಯಾಲೆ ಯಾರಿಗೆ ಕಾಣತೈತಿ ಬಿಡ" ಎಂದು ಟ್ರಾಲಿ ತುಂಬಿಸಿದರು.

"ನಿಮಗ ಕಾಣದಿದ್ರೂ ನಿಮ್ಮ ಗೋಡಿಗೆ ಗೊತ್ತಿರತೈತ್ರಿ" ಎಂದು ಅವಳು ಟ್ರಾಲಿಯ ಹಿಂದಿನ ಬಾಗಿಲು ಹಾಕುತ್ತಿದ್ದಳು.

ಭಟ್ಟಿ ಅವಳದ್ದು, ನೆಲ ಅವಳದ್ದಲ್ಲ. ನೆಲ ಭಾವುಸಾಹೇಬರದ್ದು. ಚಿಕ್ಕೋಡಿಯಲ್ಲಿ ಸಿಮೆಂಟು, ಕಬ್ಬಿಣದ ದೊಡ್ಡ ವ್ಯಾಪಾರ. ಐದು ತಾಲೂಕಿನ ಕಟ್ಟಡ ಸಾಮಗ್ರಿ ಪೂರೈಕೆದಾರರ ಸಂಘಕ್ಕೆ ಅವರೇ ಅಧ್ಯಕ್ಷರು. ದೀಪಾವಳಿ ಕಳೆದ ಮೇಲೆ ಬಂದು, ಒಟ್ಟಿದ ಭಟ್ಟಿಯ ಸುತ್ತ ಒಂದು ಸುತ್ತು ಹಾಕಿ ಹೇಳಿದ್ದರು.

"ಕಾಂಚನವ್ವಾ, ಸಂಕ್ರಮಣದೊಳಗ ಭಟ್ಟಿ ಹತ್ತಿದ್ರ ಛಲೋ. ಹತ್ತಲಿಲ್ಲಂದ್ರ ಈ ಪಟ್ಟಿಗೆ ಕಬ್ಬು ಹಚ್ಚತೇನಿ. ಬ್ಯಾಸರ ಮಾಡ್ಕೋಬ್ಯಾಡ."

"ಮನಿ ಕೆಲಸ ಚಾಲೂ ಆಗಲಿ ಅಣ್ಣಾರ, ಅವತ್ತ ಹಚ್ಚತೇನಿ."

"ನನಗೂ ಹಂಗ ಅನಸತೈತಿ. ಗೋದಾಮಿನ್ಯಾಗ ಸಿಮೆಂಟ ಚೀಲ ಬಡದ ನೋಡಿದ್ರ ಠಣ್ ಅಂತೈತಿ. ಸಿಮೆಂಟ ಮಾರಾಂವ ಹೋಗಿ ಕಲ್ಲ ಮಾರಾಂವ ಆಗೇನಿ."

ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಾಗಿದ್ದರೆ ಅವಳಿಗೆ ಜಗಳ ಸುಲಭವಾಗುತ್ತಿತ್ತು.

ಸಂಘದ ಸಭೆ ಸೇರಿದ್ದು ಅವರ ಗೋದಾಮಿನಲ್ಲಿ, ಆ ಕಲ್ಲಾದ ಚೀಲಗಳ ಮೇಲೆಯೇ ಕೂತು. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಶುರುವಾಗುವುದರಲ್ಲಿತ್ತು. ಪ್ರತಿ ವರ್ಷದಂತೆ ಡೇರೆ ಹಾಕಿ ಕೂಗೋಣ, ಮಂತ್ರಿಗೆ ಮನವಿ ಕೊಡೋಣ ಎಂದು ಎಲ್ಲರೂ ಹೇಳಿದರು. ಕಾಂಚನಾ ಎದ್ದು ನಿಂತಳು.

"ಹ್ವಾದ ವರ್ಷ ಕೊಟ್ಟೇವಲ್ಲರಿ ಮನವಿ. ಮಂತ್ರಿ ಇಸ್ಕೊಂಡು ಹಿಂದಿನಾಂವಗ ಕೊಟ್ಟರು. ಅಂವ ತನ್ನ ಹಿಂದಿನಾಂವಗ ಕೊಟ್ಟ. ಕಡಿಯಾಂವ ಅದನ್ನ ಮಡಚಿ ಗಾಳಿ ಹಾಕ್ಕೊಂಡ. ಮನವಿ ಕೊಟ್ಟರ ಇಸ್ಕೋತಾರ, ಅಷ್ಟ. ಪ್ರಶ್ನಿ ಕೇಳಿದ್ರ ಉತ್ತರ ಕೊಡಬೇಕ. ಯಾರರೆ ಒಬ್ಬ ಆಮದಾರರ ಕಡಿಂದ ಸದನದಾಗ ಪ್ರಶ್ನಿ ಕೇಳಸೂನು."

ಅವಳು ಕೇರಿಯ ಬುದ್ಧ ವಿಹಾರದ ವಾಚನಾಲಯದಲ್ಲಿ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಬೆಳೆದವಳು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತೇ ಉತ್ತರ ಹೇಳಬೇಕು, ಮೇಲೆ ಮರುಪ್ರಶ್ನೆ ಕೇಳಬಹುದು ಎಂದು ಅವಳಿಗೆ ತಿಳಿದಿತ್ತು. ಪ್ರಶ್ನೆಯನ್ನೂ ಅವಳೇ ಬರೆದಳು. ಲಿಂಟಲ್ ಮಟ್ಟಕ್ಕೆ ನಿಂತ ಮನೆಗಳೆಷ್ಟು? ಕಂತು ಯಾವಾಗ ಬಿಡುಗಡೆಯಾಗುವುದು? ಕೆಲಸ ನಿಂತು ಸಂಕಷ್ಟಕ್ಕೆ ಸಿಕ್ಕ ಇಟ್ಟಂಗಿ, ಮರಳು, ಸಿಮೆಂಟು ಪೂರೈಕೆದಾರರಿಗೆ ಸರ್ಕಾರ ಕೈಗೊಂಡ ಕ್ರಮವೇನು?

ಆ ಭಾಗದ ಶಾಸಕ, ಆಮದಾರ ದಾದಾಸಾಹೇಬರು ಒಪ್ಪಿದರು. ಅವರ ಆಪ್ತ ಸಹಾಯಕ ಸಂದೇಶ, ನಾಲ್ಕು ದಿನ ಫೋನೆತ್ತದೆ ಸತಾಯಿಸಿ, ಐದನೆಯ ದಿನ ತಾನೇ ಫೋನ್ ಮಾಡಿದ. ಪ್ರಶ್ನೆ ಪಟ್ಟಿಗೆ ಹತ್ತಿದೆ, ಮಂಗಳವಾರ ಬರುತ್ತದೆ.

ಭಾವುಸಾಹೇಬರು ಅಂದೇ, ರವಿವಾರ ದಾದಾಸಾಹೇಬರಿಗೆ ಸತ್ಕಾರ ಎಂದು, ತಲೆಗೆ ಪೇಟ ಸುತ್ತುವ ಫೇಟಾದವನಿಗೆ ಹೇಳಿ ಕಳಿಸಿದರು.

"ಪ್ರಶ್ನಿ ಮಂಗಳವಾರ ಐತಿ. ಸತ್ಕಾರ ರವಿವಾರ ಯಾಕ್ರಿ ಅಣ್ಣಾರ? ಕೇಳಿದ ಮ್ಯಾಲೆ ಮಾಡೂನು" ಎಂದಳು ಕಾಂಚನಾ.

"ಕೇಳಿದ ಮ್ಯಾಲೆ ಮಾಡಿದ್ರ ಅದು ಬರೇ ಆಭಾರ ಆತು. ಮೊದಲ ಮಾಡಿದ್ರ ಋಣ. ನಮ್ಮ ಕೈಲೆ ಫೇಟಾ ಸುತ್ತಿಸ್ಕೊಂಡ ತಲಿ, ಮಂಗಳವಾರ ಎದ್ದು ನಿಂದರಲಿಲ್ಲಂದ್ರ ತಾನ ನಾಚತೈತಿ."

"ತಲಿಗೆ ನಾಚಿಕಿ ಇರತೈತೇನ್ರಿ?"

"ಫೇಟಾಕ್ಕ ಇರತೈತವಾ."

ಎಲ್ಲರೂ ನಕ್ಕರು, ಕಾಂಚನಾಳೂ ನಕ್ಕಳು. ಈ ಐದು ತಾಲೂಕಿನ ಮಂದಿಯ ರೋಗವೇ ಅದು. ಬದಲಿಯಾಗಿ ಬಂದ ಫೌಜದಾರ ಜೀಪಿನಿಂದ ಇಳಿಯುವುದರೊಳಗೆ ಸತ್ಕಾರ, ಬದಲಿಯಾಗಿ ಹೋಗುವಾಗ ಸತ್ಕಾರ. ರಸ್ತೆ ಮಾಡಿಸುತ್ತೇನೆ ಎಂದವನಿಗೆ ಸತ್ಕಾರ, ಆ ರಸ್ತೆಯ ಗುಂಡಿಯಲ್ಲಿ ಬಿದ್ದು ಬದುಕಿ ಬಂದವನಿಗೂ ಸತ್ಕಾರ. ಶಾಲು, ಹಾರ, ತೆಂಗಿನಕಾಯಿ, ತಲೆಯ ಮೇಲೆ ಕೇಸರಿಯ ಕೊಲ್ಲಾಪುರಿ ಫೇಟಾ. ಕೈ ಮುಗಿಯುವ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಹಕ್ಕು ಕೇಳಲು ಹೊರಟವರ ಕೈಯೂ ಮುಷ್ಟಿಯಾಗುವ ಮೊದಲು ಆರತಿ ತಟ್ಟೆ ಹುಡುಕುತ್ತಿತ್ತು.

"ಫೇಟಾ ನೀನ ಕೊಡಬೇಕ ನೋಡವಾ" ಎಂದರು ಭಾವುಸಾಹೇಬರು. "ಹೆಣ್ಣಮಗಳು, ಅದರಾಗ ನಿಮ್ಮ ಸಮಾಜದಾಕಿ, ಸ್ವಂತ ಭಟ್ಟಿ ಹಾಕಿದಾಕಿ. ಫೋಟೊದಾಗ ಛಲೋ ಕಾಣತೈತಿ."

ಬೇಡ ಎನ್ನಲು ಬಾಯಿ ತೆರೆದಳು. ನೆಲ ನೆನಪಾಯಿತು. ಬಾಯಿ ಮುಚ್ಚಿದಳು.

ಗಂಡ ವಿಶ್ವಾಸ ಚಿಕ್ಕೋಡಿ ಡಿಪೋದ ಬಸ್ ಕಂಡಕ್ಟರ್. ರಾತ್ರಿ ಊಟಕ್ಕೆ ಕೂತು ಎಲ್ಲ ಕೇಳಿ, "ಬಸ್ಸು ಇನ್ನ ಸ್ಟ್ಯಾಂಡಿಗೇ ಬಂದಿಲ್ಲ, ನೀವು ಇಳದು ಥ್ಯಾಂಕ್ಸ್ ಹೇಳಾಕತ್ತೀರಿ" ಎಂದ.

"ನೀ ಸುಮ್ನ ಉಣ್ಣ."

"ಉಣ್ಣಾಕತ್ತೇನಲ್ಲ."

ರವಿವಾರದ ಸಮಾರಂಭ ಹೊತ್ತು ಮುಳುಗುವ ಮೊದಲೇ ಮುಗಿಯಿತು. ಭಾವುಸಾಹೇಬರೂ ಅವರ ಕಡೆಯ ಹಿರಿಯರೂ ಕತ್ತಲಾದ ಮೇಲೆ ಉಣ್ಣುವವರಲ್ಲ. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸು, ಅದರಲ್ಲಿ 'ಕೃತಜ್ಞತಾ ಸಮಾರಂಭ' ಎಂದು ಆಳೆತ್ತರದ ಅಕ್ಷರ. ಕಾಂಚನಾ ತಟ್ಟೆಯಲ್ಲಿ ಫೇಟಾ ಹಿಡಿದು ನಿಂತಾಗ ಪತ್ರಿಕೆಯ ಫೋಟೊಗ್ರಾಫರ್ ಕೆಳಗಿನಿಂದ ಕೂಗಿದ.

"ಅಕ್ಕಾರ, ಸ್ವಲ್ಪ ನಗ್ರಿ. ಸತ್ತವರ ಮಯ್ಯತಕ್ಕ ಬಂದಂಗ ನಿಂತೀರಲ್ಲ."

ಸುತ್ತಲಿನವರು ನಕ್ಕರು. ಆ ನಗುವಿಗೆ ಅವಳಿಗೂ ನಗು ಬಂತು. ಅಷ್ಟರಲ್ಲಿ ಅವನು ಫೋಟೊ ತೆಗೆದುಕೊಂಡಿದ್ದ. ದಾದಾಸಾಹೇಬರು ಫೇಟಾ ಕಟ್ಟಿಸಿಕೊಂಡು, "ನಿಮ್ಮ ಪ್ರಶ್ನಿ ಅದು ನನ್ನ ಪ್ರಶ್ನಿ. ಕಾಯ್ ಕಾಳಜೀ ಕರೂ ನಕಾ" ಎಂದು ಕನ್ನಡ, ಮರಾಠಿ ಎರಡೂ ಭಾಷೆಯಲ್ಲಿ ಚಿಂತೆ ಬೇಡವೆಂಬ ಭರವಸೆ ಕೊಟ್ಟು ಕಾರು ಹತ್ತಿದರು.

ಸೋಮವಾರದ ಪತ್ರಿಕೆಯಲ್ಲಿ ಕಾಂಚನಾ ನಗುತ್ತಿದ್ದಳು. ಮೇಲೆ ದಪ್ಪಕ್ಷರದಲ್ಲಿತ್ತು: ಕಟ್ಟಡ ಸಾಮಗ್ರಿ ಪೂರೈಕೆದಾರರಿಂದ ಸರ್ಕಾರಕ್ಕೆ ಕೃತಜ್ಞತೆ.

"ಸರ್ಕಾರಕ್ಕ ಎಲ್ಲಿ ಹೇಳೇವಿ?" ಎಂದಳು ಅವಳು.

"ಫ್ಲೆಕ್ಸಿನ್ಯಾಗ ಯಾರಿಗಂತ ಬರದಿರಲಿಲ್ಲ. ಅವರು ತುಂಬ್ಕೊಂಡಾರ" ಎಂದ ವಿಶ್ವಾಸ.

ಮಂಗಳವಾರ ನಸುಕಿಗೆ ಸಂಘದವರು ಟೆಂಪೊ ಮಾಡಿಕೊಂಡು ಬೆಳಗಾವಿಗೆ ಹೋದರು. ಸೌಧದ ಪ್ರೇಕ್ಷಕರ ಗ್ಯಾಲರಿಗೆ ಸಂದೇಶ ಪಾಸು ಕೊಡಿಸಿದ್ದ. ಕಾಂಚನಾ ಕಟಕಟೆಗೆ ಎದೆ ಒತ್ತಿ ಕೂತಳು. ಕೆಳಗೆ ಸದನದಲ್ಲಿ ಯಾರೋ ಯಾರಿಗೋ ಏನೋ ಅಂದಿದ್ದರ ಮೇಲೆ ಗದ್ದಲ ಎದ್ದಿತ್ತು. ಒಬ್ಬರು ಕಾಗದ ಹರಿದು ಎಸೆದರು. ಸಭಾಧ್ಯಕ್ಷರು ಎದ್ದರು, ಕೂತರು, ಮತ್ತೆ ಎದ್ದರು. ದಾದಾಸಾಹೇಬರ ಆಸನದಲ್ಲಿ ನೀರಿನ ಬಾಟಲಿಯೊಂದೇ ಇತ್ತು. ಪ್ರಶ್ನೋತ್ತರದ ವೇಳೆ ಮುಗಿಯಿತು ಎಂದು ಸಭಾಧ್ಯಕ್ಷರು ಹೇಳಿದಾಗ ಅವಳ ಪ್ರಶ್ನೆಯ ಸರದಿಗೆ ಮೊದಲು ಇನ್ನೂ ಹಲವು ಪ್ರಶ್ನೆ ಬಾಕಿ ಇದ್ದವು. ಉಳಿದ ಉತ್ತರಗಳನ್ನು ಸದನದಲ್ಲಿ ಮಂಡಿಸಲಾಗಿದೆ ಎಂದರು. ಅಷ್ಟೇ. ಯಾರೂ ಎದ್ದು ನಿಲ್ಲಲಿಲ್ಲ.

ಹೊರಗೆ ಚಹದ ಗಾಡಿಯ ಬಳಿ ಸಂದೇಶ ಉತ್ತರದ ಪ್ರತಿ ತಂದುಕೊಟ್ಟ. ಕಾಂಚನಾ ಗಟ್ಟಿಯಾಗಿ ಓದಿದಳು. ನಿಂತ ಮನೆಗಳೆಷ್ಟು ಎಂಬುದಕ್ಕೆ, ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ. ಕಂತು ಯಾವಾಗ ಎಂಬುದಕ್ಕೆ, ಅನುದಾನದ ಲಭ್ಯತೆಗೆ ಅನುಗುಣವಾಗಿ. ಮೂರನೆಯದಕ್ಕೆ ಬಂದಾಗ ಅವಳ ದನಿ ನಿಧಾನವಾಯಿತು.

"ಸದರಿ ಐದು ತಾಲೂಕುಗಳ ಇಟ್ಟಂಗಿ ತಯಾರಕರೂ ಸೇರಿದಂತೆ ಕಟ್ಟಡ ಸಾಮಗ್ರಿ ಪೂರೈಕೆದಾರರು ಸಮಾರಂಭ ಏರ್ಪಡಿಸಿ ಸರ್ಕಾರಕ್ಕೆ ಕೃತಜ್ಞತೆ ಸಲ್ಲಿಸಿರುವುದು ಪತ್ರಿಕೆಗಳಲ್ಲಿ ವರದಿಯಾಗಿರುತ್ತದೆ. ಆದ್ದರಿಂದ ಈ ಪ್ರಶ್ನೆ ಉದ್ಭವಿಸುವುದಿಲ್ಲ."

ಚಹದವನು ಲೋಟ ಚಾಚಿಕೊಂಡೇ ನಿಂತಿದ್ದ. ಯಾರೂ ತೆಗೆದುಕೊಳ್ಳಲಿಲ್ಲ. ಅವಳು ಆ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿದಳು. ಅವ್ವನ ನೆತ್ತಿ, ತನ್ನ ಭಟ್ಟಿ, ತಾಡಪತ್ರಿಯ ಕೆಳಗೆ ರೊಟ್ಟಿ ಬಡಿಯುವ ಹೆಂಗಸರು, ಯಾವುದೂ ಉದ್ಭವಿಸುವುದಿಲ್ಲ. ಉದ್ಭವಿಸಿದ್ದು ಒಂದೇ, ಫೋಟೊದೊಳಗಿನ ತನ್ನ ನಗು. ಅದನ್ನೇ ಸಾಕ್ಷಿ ಮಾಡಿಕೊಂಡಿದ್ದರು.

"ಕೇಳಿದ್ರೇನ್ರಿ ಅಣ್ಣಾರ?" ಎಂದು ಕಾಗದ ಚಾಚಿದಳು.

ಭಾವುಸಾಹೇಬರು ಕನ್ನಡಕ ಏರಿಸಿ ಮೂರನೆಯ ಉತ್ತರವನ್ನು ಬೆರಳಿಟ್ಟು ಓದಿದರು. ಅವರ ಮುಖ ಅರಳಿತು.

"ನಮ್ಮ ಸಂಘದ ಮಾತ ಸದನದ ಕಡತದಾಗ ಹತ್ತೇತಲ್ಲವಾ. ಇಷ್ಟ ವರ್ಷದಾಗ ಯಾವ ಸಂಘಕ್ಕ ಆಗಿತ್ತ ಇದು?"

"ಪ್ರಶ್ನಿನ ಇಲ್ಲಂತ ಹೊಡದ ಹಾಕ್ಯಾರ ಅಣ್ಣಾರ."

"ಹೊಡದ ಹಾಕಾಕ ಆದ್ರೂ ಬರೀಬೇಕಾತಲ್ಲ." ಅವರು ಕಾಗದವನ್ನು ಜೋಪಾನವಾಗಿ ಮಡಚಿ ಕಿಸೆಗೆ ಇಟ್ಟುಕೊಂಡರು. "ಚೌಕಟ್ಟ ಹಾಕಸೂನು."

ಅವರು ಚೇಷ್ಟೆಗೆ ಹೇಳುತ್ತಿದ್ದಾರೇನೋ ಎಂದು ಅವಳು ಮುಖ ನೋಡಿದಳು. ಇಲ್ಲ. ಬರುವ ದಾರಿಯುದ್ದಕ್ಕೂ ಟೆಂಪೊದಲ್ಲಿ ಚೌಕಟ್ಟಿನ ಬಣ್ಣದ ಚರ್ಚೆ ನಡೆಯಿತು.

ಸಂಕ್ರಮಣಕ್ಕೆ ಒಂದು ವಾರವಿರುವಾಗ ಭಾವುಸಾಹೇಬರು ಸಂದೇಶನನ್ನು ಕರೆದುಕೊಂಡು ಭಟ್ಟಿಗೆ ಬಂದರು. ಸಂದೇಶ ಕಾರಿನಿಂದ ಇಳಿದವನೇ ಮೊಬೈಲ್ ಎತ್ತಿ, ಭಟ್ಟಿ ಯಾವ ಕಡೆಯಿಂದ ದೊಡ್ಡದಾಗಿ ಕಾಣುತ್ತದೆ ಎಂದು ನೋಡತೊಡಗಿದ.

"ಪಂಚಾಯತಿ ಎಲೆಕ್ಷನ್ ಬಂದೈತಿ ಅಕ್ಕಾ" ಎಂದ. "ಮನಿ ಕೆಲಸ ನಿಂತಾವು ನಿಂತಾವು ಅಂತ ಮಂದಿ ಬಾಯಾಗ ಆಗೇತಿ. ದಾದಾಸಾಹೇಬ್ರು ತಮ್ಮ ಕೈಲೆ ಭಟ್ಟಿಗೆ ಬೆಂಕಿ ಕೊಡತಾರ. ಹೊಗಿ ಎದ್ದಿದ್ದು ಪೇಪರಿನ್ಯಾಗ ಬಂತಂದ್ರ, ಕೆಲಸ ಚಾಲೂ ಆಗೇತಿ ಅಂತ ಆತು."

"ಚಾಲೂ ಆಗೇತೇನ್ರಿ?"

"ಹೊಗಿ ಎದ್ದ ಮ್ಯಾಲೆ ಆದಂಗನ."

ಭಾವುಸಾಹೇಬರು ಅವಳನ್ನು ಪಕ್ಕಕ್ಕೆ ಕರೆದರು. "ಇದ್ದಲ ಖರ್ಚ ಮಾಡಬ್ಯಾಡ. ಕಬ್ಬಿನ ಒಣಗರಿ, ರವದಿ ತುಂಬಿ ಹಚ್ಚ, ಸಾಕ. ಹೊಗಿ ದಂಡಿ ಬರತೈತಿ. ಭಟ್ಟಿ ಹತ್ತಿತು ಅಂತ ನಾ ತಿಳ್ಕೋತೇನಿ, ಈ ವರ್ಷ ಕಬ್ಬಿನ ಮಾತ ತಗಿಯೂದಿಲ್ಲ. ನೆಲ ನಿನ್ನ ಕೈಯಾಗ ಇರತೈತಿ."

"ರವದಿ ಉರಿಗೆ ಇಟ್ಟಂಗಿ ಅರೆ ಬೇಯತಾವ ಅಣ್ಣಾರ. ಅರೆ ಬೆಂದದ್ದು ಗೋಡಿಗೂ ಬರೂದಿಲ್ಲ, ತಿರಗಿ ಮಣ್ಣೂ ಆಗೂದಿಲ್ಲ."

"ಹೆಂಗೂ ಯಾರೂ ಒಯ್ಯೂದಿಲ್ಲಲ್ಲವಾ." ಇದನ್ನು ಅವರು ಕನಿಕರದಿಂದಲೇ ಹೇಳಿದರು.

"ನಾ ಒಲ್ಲೆ ಅಂದ್ರ?"

ಭಾವುಸಾಹೇಬರು ನದಿಯ ಕಡೆ ನೋಡಿದರು. ಉತ್ತರ ಕೊಟ್ಟವನು ಸಂದೇಶ. "ನೀವ್ ಇಲ್ಲದಿದ್ರೂ ನಡೀತೈತಿ ಅಕ್ಕಾ. ನೆಲ ಅಣ್ಣಾರದ, ಭಟ್ಟಿ ಒಟ್ಟಿ ತಯಾರ ನಿಂತೈತಿ. ಕಡ್ಡಿ ಗೀರೂದ ಒಂದ ಬಾಕಿ. ಶುಕ್ರವಾರ ಹತ್ತಕ್ಕ ಬರತೇವಿ. ಫೇಟಾ ಈ ಸಲನೂ ನಿಮ್ಮ ಕೈಲೆ ಕೊಡಸೂನಂತ ಸಾಹೇಬ್ರ ಇಚ್ಛಾ."

ಅವರು ಹೋದ ಮೇಲೆ ಕಾಂಚನಾ ಭಟ್ಟಿಯ ನೆರಳಲ್ಲಿ ಕೂತಳು. ಮನಸ್ಸು ತಕ್ಕಡಿಯಾಗಲಿಲ್ಲ ಎಂದರೆ ಸುಳ್ಳು. ಇಟ್ಟಂಗಿ ಹೋದರೆ ಹೋಗಲಿ, ನೆಲ ಉಳಿದರೆ ಮುಂದಿನ ವರ್ಷ ಮತ್ತೆ ಮಣ್ಣು ಕಲಸಬಹುದು. ಒಂದು ಫೇಟಾ, ಒಂದು ನಗು, ಅಷ್ಟೇ ತಾನೆ ಕೇಳುತ್ತಿರುವುದು. ಆದರೆ ಮೊದಲ ಸಲವೂ ಅಷ್ಟೇ ಕೇಳಿದ್ದರು. ಈ ಸಲ ಹೊಗೆಯನ್ನೂ ಕೇಳುತ್ತಿದ್ದಾರೆ. ಐದು ತಾಲೂಕುಗಳಲ್ಲಿ ತಾಡಪತ್ರಿಯ ಕೆಳಗೆ ಕೂತವರು ಇನ್ನೊಮ್ಮೆ ಕಂತು ಕೇಳಿದರೆ, ಭಟ್ಟಿ ಹೊಗೆಯಾಡುತ್ತಿದೆ, ಆದ್ದರಿಂದ ಉದ್ಭವಿಸುವುದಿಲ್ಲ ಎಂದು ಬರೆಯುತ್ತಾರೆ. ಆ ಹೊಗೆ 'ಭೀಮ' ಎಂದು ಅಚ್ಚೊತ್ತಿದ ಇಟ್ಟಂಗಿಯಿಂದ ಎದ್ದಿರುತ್ತದೆ.

ಗುರುವಾರ ಬೆಳಿಗ್ಗೆ ಅವಳು ಇಟ್ಟಂಗಿಯ ಅಚ್ಚು ಹಾಕುವ ಜ್ಞಾನದೇವನನ್ನೂ ಅವನ ಮನೆಯವರನ್ನೂ ಕರೆದಳು. ಮಣ್ಣು ಕಲಸುವ ತಗ್ಗಿಗೆ ನದಿಯ ಪಂಪಿನಿಂದ ನೀರು ಬಿಡಿಸಿದಳು.

"ಭಟ್ಟಿ ಬಿಚ್ಚೂನು ಜ್ಞಾನದೇವ."

ಅವನು ಭಟ್ಟಿಯ ನೆತ್ತಿಯವರೆಗೆ ಕಣ್ಣು ಹಾಯಿಸಿದ. "ಬಿಚ್ಚಿ ಎಲ್ಲಿ ಇಡೂದ್ರಿ?"

"ಇಡೂದಿಲ್ಲ. ತಗ್ಗಿಗೆ ಹಾಕೂದು."

"ಕೈ ಬರತಾವೇನ್ರಿ ಅಕ್ಕಾ? ಒಂದೊಂದೂ ನಾವ ತಿರಿವಿ ಹಾಕಿ ಒಣಗಿಸಿದ್ದು."

"ನಿಮ್ಮ ಪಗಾರ ಮುಟ್ಟೇತಿ, ಕಷ್ಟದ ಬೆಲಿ ಮುಟ್ಟಿಲ್ಲ, ಗೊತ್ತೈತಿ ನನಗ. ನಾಳೆ ಅವರು ಬಂದು ಇದಕ್ಕ ರವದಿ ತುಂಬಿ ಸುಡತಾರ. ಹೊಗಿ ಅವರಿಗೆ, ಅರೆಬೆಂದದ್ದು ನಮಗ. ಅದಕ್ಕಿಂತ ಮಣ್ಣು ಮಣ್ಣಿಗೆ ಹೋಗಲಿ. ನೀವು ಒಲ್ಲೆ ಅಂದ್ರ ನಾ ಒಬ್ಬಾಕಿ ಹಾಕತೇನಿ."

ಜ್ಞಾನದೇವ ಮೊದಲು ನಾಯಿಮರಿಗಳನ್ನು ಬುಟ್ಟಿಗೆ ಹಾಕಿ ದೂರ ಇಟ್ಟು ಬಂದ. ಆಮೇಲೆ ಭಟ್ಟಿಯ ನೆತ್ತಿಗೆ ಏರಿ ಮೊದಲ ಇಟ್ಟಂಗಿ ಕೆಳಗೆ ಕೊಟ್ಟ. ಕಾಂಚನಾ ಸೀರೆಯ ಸೆರಗಿನಿಂದ ಸಿಂಬಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಅವ್ವ ಹೊತ್ತಿದ್ದು ಭಟ್ಟಿಯ ಕಡೆಗೆ. ಇವಳು ಭಟ್ಟಿಯಿಂದ ಹೊತ್ತಳು. ನೀರಿಗೆ ಬಿದ್ದ ಇಟ್ಟಂಗಿ ಸ್ವಲ್ಪ ಹೊತ್ತು ತನ್ನ ಆಕಾರದಲ್ಲೇ ಕೂತು, ಗುಳ್ಳೆ ಬಿಟ್ಟು, ಅಕ್ಷರದ ಅಂಚಿನಿಂದ ಕರಗುತ್ತ ಬರುತ್ತಿತ್ತು. ಡ್ಯೂಟಿ ಮುಗಿಸಿ ಬಂದ ವಿಶ್ವಾಸ ಖಾಕಿ ಅಂಗಿ ತೆಗೆದು ಸಾಲಿನಲ್ಲಿ ನಿಂತ. ರಾತ್ರಿಯೆಲ್ಲ ಹೊತ್ತು ಕೆಲಸ ಮುಗಿದಾಗ ಯಾರಿಗೂ ಸೊಂಟ ನೆಟ್ಟಗೆ ಮಾಡಲು ಬರಲಿಲ್ಲ.

ಶುಕ್ರವಾರ ಕಾರುಗಳು ಬಂದವು. ಹಿಂದೆ ರವದಿ ತುಂಬಿದ ಟ್ರಾಲಿ. ಭಾವುಸಾಹೇಬರ ಕೈಯಲ್ಲಿ ಫೇಟಾದ ತಟ್ಟೆ. ಭಟ್ಟಿಯಿದ್ದ ಜಾಗದಲ್ಲಿ ಬೂದಿಬಣ್ಣದ ಚೌಕ ನೆಲ ಮಾತ್ರ ಇತ್ತು. ಸಂದೇಶ ಅತ್ತ ನೋಡಿದ, ಕೆಸರು ತುಂಬಿದ ತಗ್ಗನ್ನು ನೋಡಿದ.

"ಭಟ್ಟಿ ಎಲ್ಲಿ ಐತಿ ಅಕ್ಕಾ?"

ಕಾಂಚನಾ ತಗ್ಗಿನ ದಂಡೆಯಲ್ಲಿ ಕೂತು ಅಚ್ಚು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಆ ಪ್ರಶ್ನಿ ಉದ್ಭವಿಸೂದಿಲ್ಲರಿ."

ಟ್ರಾಲಿಯ ಡ್ರೈವರ್ ಫಕ್ಕನೆ ನಕ್ಕು, ಯಾರೂ ನಗದ್ದನ್ನು ಕಂಡು ಕೆಮ್ಮಿದ. ದಾದಾಸಾಹೇಬರು ಕಾರಿನ ಗಾಜು ಇಳಿಸಿ, ನೋಡಿ, ಮತ್ತೆ ಏರಿಸಿದರು. ಕಾರುಗಳು ತಿರುಗಿದವು. ಭಾವುಸಾಹೇಬರು ಮಾತ್ರ ತಟ್ಟೆ ಹಿಡಿದುಕೊಂಡೇ ಉಳಿದರು.

"ಎಂಥಾ ಹುಚ್ಚ ಹೆಂಗಸ ನೀ" ಎಂದರು ಮೆಲ್ಲಗೆ. "ನೆಲ ಉಳಸೂನಂತ ನಾ ಇಷ್ಟ ಓಡ್ಯಾಡಿದ್ನಿ. ಇನ್ನ ಕಬ್ಬು ಹಚ್ಚದ ನನಗ ದಾರಿ ಇಲ್ಲ."

"ಹಚ್ರಿ ಅಣ್ಣಾರ."

"ನೀ ಏನ ಮಾಡ್ತಿ?"

ಅವಳು ಅಚ್ಚನ್ನು ಬೋರಲು ಹಾಕಿ ನೀರು ಕೊಡವಿದಳು.

ಶನಿವಾರದ ಪತ್ರಿಕೆಯನ್ನು ವಿಶ್ವಾಸ ಬಸ್ಸಿನಿಂದ ತಂದ. ಕೊಡಲೋ ಬೇಡವೋ ಎಂದು ಬಾಗಿಲಲ್ಲೇ ನಿಂತ. ಅವಳು ಕಸಿದುಕೊಂಡಳು. 'ಏಕಸಂಬಿಯಲ್ಲಿ ಇಟ್ಟಂಗಿ ಭಟ್ಟಿಗೆ ಆಮದಾರರಿಂದ ಚಾಲನೆ. ಮನೆ ನಿರ್ಮಾಣಕ್ಕೆ ಮತ್ತೆ ಜೀವ.' ಸುದ್ದಿ ಮೊದಲೇ ಬರೆದು ಕಳಿಸಿದ್ದರೇನೋ, ತಡೆಯಲು ಯಾರಿಗೂ ನೆನಪಾಗಿರಲಿಲ್ಲ. ಹೊಸ ಫೋಟೊ ಸಿಗದ ಕಾರಣ ಹಳೆಯದನ್ನೇ ಹಾಕಿದ್ದರು. ಫೇಟಾದ ತಟ್ಟೆ ಹಿಡಿದು ಕಾಂಚನಾ ನಗುತ್ತಿದ್ದಳು.

"ನಾಳೆ ಪೇಪರ ಆಫೀಸಿಗೆ ಹೋಗೂನೇನ?" ಎಂದ ವಿಶ್ವಾಸ.

"ಹೋಗೂನು. ತಪ್ಪಾತು ಅಂತ ಒಳಗಿನ ಪುಟದಾಗ ಬೆರಳಷ್ಟ ಬರೀತಾರ. ಅದಕ್ಕೂ ಭಾವುಸಾಹೇಬ್ರು ಚೌಕಟ್ಟ ಹಾಕಸ್ತಾರ."

ಅವಳು ಪತ್ರಿಕೆಯನ್ನು ಜಗುಲಿಯ ಮೇಲೆ ಬಿಡಿಸಿ ಹಾಸಿ, ಆಗಷ್ಟೇ ಮತ್ತೊಮ್ಮೆ ತೊಳೆದ ಅಚ್ಚನ್ನು ಆರಲೆಂದು ಅದರ ಮೇಲೆ ಇಟ್ಟಳು. ಅಚ್ಚಿನ ಕಟ್ಟಿಗೆಯ ಸಂದಿಯಲ್ಲಿ ಉಳಿದಿದ್ದ ಕೆಸರು ನೀರು ಇಳಿದು, ಕಾಗದದ ಮೇಲೆ ನಿಧಾನಕ್ಕೆ ಹರಡತೊಡಗಿತು. ಮೊದಲು ಫೇಟಾ ನೆನೆಯಿತು, ಆಮೇಲೆ ಅವಳ ನಗು.